ಬಂದರಿನ ಅಂಗಡಿ, ದೆಹಲಿಯ ಫೈಲು

ಮಂಗಳೂರು

ಚಿ. ಅಶ್ವಿನಿಗೆ ದೊಡ್ಡಪ್ಪನ ಆಶೀರ್ವಾದ.

ವಕೀಲಳಾಗಿ ನಿನಗೆ ಮೊದಲ ಆ್ಯಂಟಿ-ಡಂಪಿಂಗ್ ಫೈಲು, ಅಂದರೆ ಹೊರದೇಶದಿಂದ ಅಗ್ಗಕ್ಕೆ ಬರುವ ಮಾಲಿಗೆ ಸುಂಕ ಹಾಕಿಸುವ ಕೇಸು, ಕೈಗೆ ಬಂತೆಂದು ಬರೆದಿದ್ದೀಯ, ಖುಷಿಯಾಯಿತು. ಸುಂಕ ಹಾಕಿಸಿದರೆ ನಮ್ಮ ಕಾರ್ಖಾನೆಗಳು ಉಳಿಯುತ್ತವೆ ಅಂದಿ. ಇರಬಹುದು. ಆದರೆ ಸುಂಕ ಬಿದ್ದ ಮೇಲೆ ಇಲ್ಲಿ ಮಾರುವವರು ಎಷ್ಟು ಮಂದಿ ಉಳಿಯುತ್ತಾರೆ, ಲೆಕ್ಕ ಹಾಕಿದೆಯಾ?

ಯಾಕೆ ಕೇಳಿದೆ ಅಂದರೆ, ಹುಡುಗನಾಗಿದ್ದಾಗ ನಿನ್ನ ಅಜ್ಜನ ಜೊತೆ ಬಂದರಿಗೆ ಅಡಿಕೆ ತರುತ್ತಿದ್ದೆ. ಅಂಗಡಿಯವರು ಗೋಣಿಗೆ ಕೈ ಹಾಕಿ, ಒಂದಡಿಕೆ ಕತ್ತರಿಸಿ ನೋಡಿ, "ಪಟೋರ ಜಾಸ್ತಿ ಉಂಟು" (ಕಳಪೆ ಅಡಿಕೆ ಜಾಸ್ತಿ) ಎಂದು ಒಂದು ರೇಟು ಹೇಳುವರು. ಪಕ್ಕದ ಅಂಗಡಿಯಲ್ಲೂ ಅದೇ ರೇಟು, ಅದರಾಚೆಯದ್ದರಲ್ಲೂ ಅದೇ. ಬೆಳಗ್ಗೆ ಚಾ ಕುಡಿಯುವಾಗಲೇ ಅದು ನಿಶ್ಚಯವಾಗಿರುತ್ತಿತ್ತು ಎಂದು ನಮಗೆ ಗೊತ್ತಾಗುವಾಗ ಎಷ್ಟೋ ಬೆಳೆ ಮಾರಿ ಆಗಿತ್ತು. ಏಕಸ್ವಾಮ್ಯ ತಡೆಯುವ 1969ರ ಎಂಆರ್‌ಟಿಪಿ ಕಾಯ್ದೆ ಆಗ ಇತ್ತು. ಬಂದರಿನ ಗಲ್ಲಿಗೆ ಬಂದದ್ದು ನಾನು ಕಂಡಿಲ್ಲ. 1973ರಲ್ಲಿ ಬೆಳೆಗಾರರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಶುರುವಾಯಿತು, ಕೊಳ್ಳುವವ ಇನ್ನೊಬ್ಬ ಬಂದ, ಚಾದ ಕೂಟ ಮುರಿಯಿತು.

ನಾನೇನು ಸುಂಕದ ವೈರಿಯಲ್ಲ. 2023ರಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿ ಆದಾಗ ಖುಷಿಪಟ್ಟವನೇ. ಆದರೆ ಅಡಿಕೆ ಬೆಳೆಯುವವರು ಲಕ್ಷಗಟ್ಟಲೆ, ಕೂತು ರೇಟು ಕಟ್ಟಲು ನಮ್ಮಿಂದಾಗದು. ನಿನ್ನ ಕಕ್ಷಿದಾರರು ಮೂರೇ ಮಂದಿ, ಅವರಿಂದಾದೀತು.

ಒಂದೇ ಅಗ್ಗದ ರೇಟಿಗೆ ಎರಡು ಕಾನೂನಿನಲ್ಲಿ ಎರಡು ನ್ಯಾಯ. ಹೊರದೇಶದವ ತನ್ನ ದೇಶದ ರೇಟಿಗಿಂತ ಕಡಿಮೆಗೆ ಇಲ್ಲಿ ಮಾರಿ, ಅದರಿಂದ ನಮ್ಮ ಉದ್ಯಮಕ್ಕೆ ಪೆಟ್ಟಾದರೆ ಡಂಪಿಂಗ್. ಪೇಟೆಯ ಪೈಪೋಟಿ ಕಾಯುವ 2002ರ ಸ್ಪರ್ಧಾ ಕಾಯ್ದೆಗೆ ಅಷ್ಟು ಸಾಲದು. ಮಾರುವವ ಪೇಟೆಯಲ್ಲಿ ಪ್ರಬಲನಿರಬೇಕು, ಅಸಲಿಗಿಂತ ಕಡಿಮೆಗೆ ಮಾರಿರಬೇಕು, ಎದುರಾಳಿಯನ್ನು ಮುಗಿಸುವ ಉದ್ದೇಶ ಬೇಕು. ವ್ಯಾಪಾರ, ಸ್ಪರ್ಧೆ ಎರಡನ್ನೂ ಕೂಡಿಸಿ ನೋಡಲು ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) 1996ರಲ್ಲಿ ಸಿಂಗಾಪುರದಲ್ಲಿ ಒಂದು ಕಾರ್ಯತಂಡ ಮಾಡಿತ್ತು. 2004ರಲ್ಲಿ ಆ ವಿಷಯವನ್ನು ಮಾತುಕತೆಯಿಂದಲೇ ಕೈಬಿಟ್ಟರು. ಬೇಡ ಅಂದವರಲ್ಲಿ ಭಾರತವೂ ಇತ್ತು.

ಹಾಗಾಗಿ ಎರಡು ಕಾನೂನುಗಳ ನಡುವಿನ ಸಂದು ಹಾಗೇ ಉಳಿಯಿತು. ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಹಡಗಿನಲ್ಲೇ ಬರಬೇಕಷ್ಟೆ? ಕೆನಡಾದಲ್ಲಿ ಗಣಿ ಇರುವ ಕಂಪೆನಿಗಳು ಕ್ಯಾನ್‌ಪೊಟೆಕ್ಸ್ ಎಂಬ ಒಂದೇ ಹೆಸರಲ್ಲಿ ಸಮುದ್ರದಾಚೆಗೆ ಮಾರುತ್ತವೆ, ಅಲ್ಲಿನ ಕಾನೂನಿಗೆ ಅದು ತಪ್ಪಲ್ಲ. ಬೈಯುವ ಮೊದಲು ನಮ್ಮ ಸ್ಪರ್ಧಾ ಕಾಯ್ದೆಯ 3(5)ನೇ ಕಲಂ ಓದು ಮಾರಾಯ್ತಿ, ರಫ್ತಿಗೆ ಮಾತ್ರ ಮಾಡಿಕೊಂಡ ಒಪ್ಪಂದಕ್ಕೆ ನಾವೂ ವಿನಾಯಿತಿ ಕೊಟ್ಟಿದ್ದೇವೆ!

ನೀನು ಒಂದು ಕೆಲಸ ಮಾಡು. ಆ ಮೂವರ ರೇಟುಗಳನ್ನು ತಿಂಗಳುವಾರು ಪಕ್ಕಪಕ್ಕ ಇಟ್ಟು ನೋಡು. ಒಟ್ಟಿಗೇ ಏರಿ ಒಟ್ಟಿಗೇ ಇಳಿದಿದ್ದರೆ ಯಾಕೆಂದು ಕೇಳು. ಕಚ್ಚಾ ಮಾಲು ಒಂದೇ ಕಡೆಯದಾದರೂ ಹಾಗಾಗಬಹುದು. ಉತ್ತರ ಸರಿಯಿಲ್ಲದಿದ್ದರೆ ಹಿರಿಯ ವಕೀಲರಿಗೆ ಹೇಳು, ಹೊಸಬಳೆಂದು ಬಾಯಿ ಮುಚ್ಚಿ ಕೂರಬೇಡ. ನೀನು ನೋಡದ್ದನ್ನು ಆಮದುದಾರರ ವಕೀಲ ನೋಡಿಯೇ ನೋಡುತ್ತಾನೆ.

ದೊಡ್ಡಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ. ಕೊರಿಯರಿನಲ್ಲಿ ಪುಡಿಯಾಗುತ್ತದೆ, ಬಂದಾಗ ತಗೊಂಡು ಹೋಗು.

ಇತಿ,
ದೊಡ್ಡಪ್ಪ