‘ಗಂಡೋ ಹೆಣ್ಣೋ’ ತಲೆಬರಹದ ಬಗ್ಗೆ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಐವತ್ತು–ಅರವತ್ತರ ದಶಕಗಳಲ್ಲಿ ಬರುತ್ತಿದ್ದ ಅಗ್ಗದ ಪತ್ರಿಕೆಗಳ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಸ್ತ್ರೀವೇಷದ ಗಂಡಸರ ನಾಲ್ಕಾರು ಚಿತ್ರಗಳನ್ನು ಸಾಲಾಗಿ ಹಾಕಿ, ಮೇಲೆ ‘ಗಂಡೋ ಹೆಣ್ಣೋ ಹೇಳಿ ನೋಡೋಣ’ ಎಂದು ದಪ್ಪಕ್ಷರದಲ್ಲಿ ಕೊಟ್ಟಿದ್ದೀರಿ. ಆ ಪತ್ರಿಕೆಗಳು ಸರಕು ಮಾರಿದ್ದೂ ಇದೇ ಪ್ರಶ್ನೆ ಕೂಗಿಕೊಂಡು. ಇಷ್ಟು ವರ್ಷಗಳಾದ ಮೇಲೆ ನಾವೂ ಅದನ್ನೇ ಕೂಗಬೇಕೆ?

ಒಂದಕ್ಕೊಂದು ಸಂಬಂಧವಿಲ್ಲದ ಚಿತ್ರಗಳನ್ನು ಲೇಖಕರು ಒಂದೇ ಗಂಟಿಗೆ ಕಟ್ಟಿದ್ದಾರೆ. ಕೆಲವು ರಂಗದವು. 1939ರಲ್ಲಿ ಮಿಯಾಮಿಯಲ್ಲಿ ಶುರುವಾದ ಜ್ಯುವೆಲ್ ಬಾಕ್ಸ್ ರೆವ್ಯೂ ಊರೂರು ತಿರುಗುತ್ತಿದ್ದ ವೃತ್ತಿ ತಂಡ; ವರ್ಣಭೇದದ ಆ ದಿನಗಳಲ್ಲೂ ಕರಿಯರು, ಬಿಳಿಯರು ಅದರಲ್ಲಿ ಒಟ್ಟಿಗೆ ಕುಣಿದರು. ‘ಇಪ್ಪತ್ತೈದು ಗಂಡಸರು, ಒಬ್ಬಳೇ ಹುಡುಗಿ’ ಎನ್ನುವುದು ಅದರ ಜಾಹೀರಾತು. ಆ ಒಬ್ಬಳು ಯಾರೆಂದು ಜನ ಮಿನುಗುವ ಗೌನುಗಳ ನಡುವೆ ಹುಡುಕುತ್ತಿದ್ದರೆ, ಅವಳು ಸೂಟು ಹಾಕಿಕೊಂಡು ನಿರೂಪಣೆ ಮಾಡುತ್ತಿದ್ದ ಸ್ಟಾರ್ಮಿ ಡೆಲಾರ್ವೆರಿ! ಚಿತ್ರ ತೆಗೆಸಿಕೊಳ್ಳುವುದು ಇಂಥವರ ಕಸುಬಿನ ಭಾಗವೇ. 1963ರಲ್ಲಿ ಶುರುವಾದ ‘ಫೀಮೇಲ್ ಮಿಮಿಕ್ಸ್’ ಪತ್ರಿಕೆಯ ಪುಟ ತುಂಬಿಸಿದ್ದು ಹೆಚ್ಚಾಗಿ ರಂಗದ, ಕ್ಲಬ್ಬುಗಳ ಕಲಾವಿದರೇ.

‘ಟ್ರಾನ್ಸ್‌ವೆಸ್ಟಿಯಾ’ ಅಂಥದ್ದಲ್ಲ. ಹೆಣ್ಣುಡುಗೆ ತೊಡುವ ಗಂಡಸರಿಗಾಗಿ ವರ್ಜೀನಿಯಾ ಪ್ರಿನ್ಸ್ 1960ರಲ್ಲಿ ಲಾಸ್ ಏಂಜಲೀಸ್‌ನಿಂದ ಹೊರತಂದ ಅದರಲ್ಲಿ ಬರುತ್ತಿದ್ದದ್ದು ಚಂದಾದಾರರ ಪತ್ರ, ಜೀವನಕಥೆ, ಅವರೇ ಕಳಿಸಿದ ಫೋಟೊ. ಹೆಂಡತಿ–ಮಕ್ಕಳು, ನೌಕರಿ ಇರುವ ಗೃಹಸ್ಥರು ಬಹಳ ಮಂದಿ. ಅದೇನೂ ಕುಂದಿಲ್ಲದ ಪತ್ರಿಕೆಯಲ್ಲ. ಸಲಿಂಗಿಗಳೊಂದಿಗೆ ತಮ್ಮನ್ನು ಸೇರಿಸಬೇಡಿ ಎಂಬ ಪ್ರಿನ್ಸ್ ಅವರ ಹಟ ಇಂದು ಓದಿದರೆ ಕಿರಿಕಿರಿಯಾಗುತ್ತದೆ. ಆದರೆ ಅವರ ಹೆದರಿಕೆಗೆ ಕಾರಣವಿತ್ತು. ಖಾಸಗಿ ಪತ್ರಗಳನ್ನೇ ಹಿಡಿದು, ಅಂಚೆಯಲ್ಲಿ ಅಶ್ಲೀಲ ಬರಹ ಕಳಿಸಿದರೆಂದು ಅವರ ಮೇಲೆ ಮೊಕದ್ದಮೆ ಬಿತ್ತು. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಂತೂ ಗಂಡು ಹೆಣ್ಣಿನ ಉಡುಪಿನಲ್ಲಿ, ಹೆಣ್ಣು ಗಂಡಿನ ಉಡುಪಿನಲ್ಲಿ ಬೀದಿಗಿಳಿಯಬಾರದೆಂದು 1863ರಲ್ಲಿ ಮಾಡಿದ ಕಾನೂನು 1974ರವರೆಗೂ ಇತ್ತು. ಅದೇ ಊರಿನ ಫಿನೋಕಿಯೋಸ್ ಕ್ಲಬ್ಬಿನಲ್ಲಿ ಮಾತ್ರ ಪ್ರವಾಸಿಗರು ದುಡ್ಡು ಕೊಟ್ಟು ಸ್ತ್ರೀವೇಷ ನೋಡಿ ಚಪ್ಪಾಳೆ ತಟ್ಟುತ್ತಿದ್ದರು.

ನೀವು ಹಾಕಿರುವ ಮೂರನೆಯ ಚಿತ್ರಕ್ಕೆ ಬರುತ್ತೇನೆ. ಮೇಜಿನ ಸುತ್ತ ಕೂತು ಪದ ಜೋಡಿಸುವ ಸ್ಕ್ರ್ಯಾಬಲ್ ಆಟ ಆಡುತ್ತಿರುವವರದ್ದು. ಅದು ಯಾವ ಅಗ್ಗದ ಪತ್ರಿಕೆಯದ್ದೂ ಅಲ್ಲ, ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿದ್ದ ‘ಕಾಸಾ ಸುಸಾನಾ’ದ್ದು. ‘ಟ್ರಾನ್ಸ್‌ವೆಸ್ಟಿಯಾ’ದಲ್ಲಿ ಅಂಕಣ ಬರೆಯುತ್ತಿದ್ದ ಸುಸಾನಾ ವಲೆಂಟಿ (ಸ್ತ್ರೀವೇಷದಲ್ಲಿ ಇಟ್ಟುಕೊಂಡ ಹೆಸರು) ಮತ್ತು ವಿಗ್ ಅಂಗಡಿ ನಡೆಸುತ್ತಿದ್ದ ಪತ್ನಿ ಮರೀ ಸೇರಿ ಅಲ್ಲಿ ಇಂಥವರಿಗೆ ವಾರಾಂತ್ಯ ಕಳೆಯಲು ಜಾಗ ಮಾಡಿಕೊಟ್ಟಿದ್ದರು. ಅಲ್ಲಿನ ಚಿತ್ರಗಳಲ್ಲಿ ಇರುವುದು ಹರಟೆ, ಊಟ, ಇಸ್ಪೀಟು ಅಷ್ಟೆ. ದಶಕಗಳ ಮೇಲೆ ಮ್ಯಾನ್‌ಹಟನ್‌ನ ಹಳೆ ಸಾಮಾನಿನ ಸಂತೆಯಲ್ಲಿ ಸಿಕ್ಕಿ, 2005ರಲ್ಲಿ ಪುಸ್ತಕವಾದವು. ತಮಗಾಗಿ, ನಂಬಿದವರ ನಡುವೆ ತೆಗೆದುಕೊಂಡ ಚಿತ್ರವನ್ನು ಒಗಟಿನ ಕೆಳಗೆ ಹಾಕಿದ್ದು ಸರಿಯಲ್ಲ.

ನಾನು ಕರಾವಳಿಯವನು. ಯಕ್ಷಗಾನದ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷದ ಚಿತ್ರವನ್ನು ಯಾವ ಪತ್ರಿಕೆಯೂ ‘ಗಂಡೋ ಹೆಣ್ಣೋ’ ಎಂದು ಕೇಳಿ ಅಚ್ಚು ಹಾಕುವುದಿಲ್ಲ. ದ್ರೌಪದಿಯೋ ದಮಯಂತಿಯೋ, ಪಾತ್ರದ ಹೆಸರನ್ನೂ ವೇಷಧಾರಿಯ ಹೆಸರನ್ನೂ ಅಡಿಯಲ್ಲಿ ಕೊಡುತ್ತೀರಿ. ಅಮೆರಿಕದವರಿಗೂ ಅಷ್ಟು ಮಾಡಿದರೆ ಸಾಕಿತ್ತು.

ಜಾಲತಾಣದಲ್ಲಿ ಲೇಖನ ಇನ್ನೂ ಹಾಗೇ ಇದೆ. ತಲೆಬರಹ ಬದಲಿಸಿ, ಪ್ರತಿ ಚಿತ್ರದ ಕೆಳಗೆ ಅದು ಎಲ್ಲಿಯದು, ಯಾವ ವರ್ಷದ್ದು, ಮಾರಾಟಕ್ಕೆ ತೆಗೆದದ್ದೋ ಮನೆಯ ಆಲ್ಬಮ್ಮಿನದೋ ಎಂದು ತಿಳಿದಷ್ಟು ಹಾಕಿಸಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಓದುಗ,
ಕುಂದಾಪುರ