ನೀನು ಹೋದ ಯುದ್ಧ, ನಾನು ಒಪ್ಪದ ಯುದ್ಧ

ಪ್ರೀತಿಯ ಗೆಳೆಯ,

ಹೋದ ಭಾನುವಾರ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಮಂಡಿನೋವು, ಮೊಮ್ಮಗಳ ಪರೀಕ್ಷೆ, ಬಾರದ ಪಿಂಚಣಿ ಬಾಕಿ ಎಲ್ಲ ಮಾತಾಡಿ ಇನ್ನೇನು ಫೋನ್ ಇಡಬೇಕು ಎನ್ನುವಾಗ, "ಅಂದು ಪತ್ರಿಕೆಗೆ ನೀನು ಬರೆದ ಪತ್ರ ನನಗೆ ಜಾಫ್ನಾದಲ್ಲೇ ಸಿಕ್ಕಿತ್ತು" ಎಂದೆ. ನನಗೆ ಮಾತೇ ಹೊರಡಲಿಲ್ಲ. ನಿನ್ನ ಎಡಗಿವಿ ಕೇಳುವುದಿಲ್ಲವಲ್ಲ, ನಾನು ಏನೋ ಹೇಳಿದ್ದು ತಪ್ಪಿಹೋಯಿತೆಂದುಕೊಂಡು ಫೋನನ್ನು ಬಲಗಿವಿಗೆ ಇನ್ನಷ್ಟು ಒತ್ತಿ "ಏನೆಂದೆ?" ಎಂದು ಎರಡು ಸಲ ಕೇಳಿದೆ. ನಾನು ಏನೂ ಹೇಳಿರಲಿಲ್ಲ, ಗೆಳೆಯಾ.

ಆ ಪತ್ರ ನಿನ್ನ ಕಣ್ಣಿಗೆ ಬಿದ್ದೇ ಇಲ್ಲವೆಂದು ಇಷ್ಟು ವರ್ಷ ನಂಬಿದ್ದೆ. 1987ರ ನವೆಂಬರ್, ನಮ್ಮ ಸೇನೆಯನ್ನು ಶ್ರೀಲಂಕಾಕ್ಕೆ ಕಳಿಸಿದ್ದು ತಪ್ಪೆಂದು ಬರೆದದ್ದು, ವಾಚಕರ ವಾಣಿಯಲ್ಲಿ ಒಂದು ಮೂಲೆ. ನಿನ್ನ ಅಣ್ಣ ಅದನ್ನು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಮನೆಯ ಪತ್ರದ ಜೊತೆ ಲಕೋಟೆಯಲ್ಲಿಟ್ಟು ಕಳಿಸಿದರಂತೆ. ನಿನ್ನ ಆಗಿನ ವಿಳಾಸ ನನಗೂ ನೆನಪಿದೆ: ನಂಬರು, ಹೆಸರು, ಘಟಕ, ಕೊನೆಗೆ ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿ. ಊರಿನ ಹೆಸರೇ ಇಲ್ಲದ ವಿಳಾಸ. ಅಣ್ಣ ಒಂದು ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರೆಂದೂ ಹೇಳಿದೆ. ಯಾವ ಸಾಲು ಎಂದು ನಾನು ಕೇಳಬೇಕಾಗಿರಲಿಲ್ಲ. "ಅನ್ಯರ ಮನೆಯ ಜಗಳಕ್ಕೆ ಹೋದ ಬಾಡಿಗೆ ಬಂದೂಕುಗಳು." ಇಪ್ಪತ್ತಮೂರರ ವಯಸ್ಸಿನಲ್ಲಿ ಆ ಸಾಲು ಬರೆದ ರಾತ್ರಿ ಎಷ್ಟು ಚೆನ್ನಾಗಿ ಬಂದಿದೆಯೆಂದು ಹಿಗ್ಗಿದ್ದೆ.

ನೀನು ಅದನ್ನು ಓದಿದೆ, ಟ್ರಂಕಿನಲ್ಲಿಟ್ಟೆ, ಊರಿಗೆ ಬಂದೆ. ನನ್ನ ಮದುವೆಯಲ್ಲಿ ಓಡಾಡಿದೆ. ಅಪ್ಪ ತೀರಿಕೊಂಡಾಗ ಮೂರು ರಾತ್ರಿ ನನ್ನ ಪಕ್ಕದಲ್ಲಿ ಮಲಗಿದೆ. ಒಂದು ದಿನವೂ ಬಾಯಿ ಬಿಡಲಿಲ್ಲ. ಈಗ ಕೇಳಿದ್ದೂ ಸಿಟ್ಟಿನಿಂದಲ್ಲ: "ಯುದ್ಧ ತಪ್ಪು ಅನ್ನುತ್ತೀಯ, ಹೋದವನು ನನ್ನ ಗೆಳೆಯ ಅನ್ನುತ್ತೀಯ. ಎರಡೂ ಒಟ್ಟಿಗೆ ಹೇಗಾಗುತ್ತದೆ?" ಫೋನಿನಲ್ಲಿ ಉತ್ತರಿಸಲು ಆಗಲಿಲ್ಲ. ಬರೆ ಎಂದೆ, ನಾಲ್ಕು ಜನ ಓದುವ ಹಾಗೆಯೇ ಬರೆ ಎಂದೆ. ನಿನ್ನ ಹೆಸರು ಬಿಟ್ಟು ಬರೆಯುತ್ತಿದ್ದೇನೆ.

ಮೊದಲು ಆ ಸಾಲು. ಅದು ಸುಳ್ಳು. ಸುಳ್ಳೆಂದು ನನಗೆ ಆಗಲೇ ಗೊತ್ತಿರಬೇಕಿತ್ತು, ಯಾಕೆಂದರೆ 1983ರಲ್ಲಿ ಸೇನಾ ಭರ್ತಿಯ ಸಾಲಿನಲ್ಲಿ ನಿನ್ನ ಹಿಂದೆ ನಿಂತವನು ನಾನೇ. ಒಂದು ಮೈಲಿ ಓಟದಲ್ಲಿ ಇಬ್ಬರೂ ಗೆದ್ದೆವು. ಎದೆಯ ಅಳತೆಯಲ್ಲಿ ನೀನು ಉಸಿರು ಬಿಗಿಹಿಡಿದು ಪಾರಾದೆ. ಕಣ್ಣಿನ ಪರೀಕ್ಷೆಯಲ್ಲಿ ಗೋಡೆಯ ಮೇಲಿನ ಕೊನೆಯ ಎರಡು ಸಾಲು ಓದಲಾಗದೆ ನಾನು ವಾಪಸಾದೆ. ಅಂದು ಅಲ್ಲಿ ಯಾರೂ ನಮ್ಮನ್ನು ಶ್ರೀಲಂಕಾದ ಬಗ್ಗೆ ಕೇಳಲಿಲ್ಲ. ಜಾಫ್ನಾ ಎಂಬ ಹೆಸರನ್ನು ಆಗ ನಾವಿಬ್ಬರೂ ಕೇಳಿಯೇ ಇರಲಿಲ್ಲ. ಆ ಎರಡು ಸಾಲು ನನಗೆ ಕಂಡಿದ್ದರೆ ಎಪಿಒ ವಿಳಾಸ ನನ್ನದೂ ಆಗಿರುತ್ತಿತ್ತು. ನಾನು ಬಾಡಿಗೆಗೆ ಹೊರಟಿದ್ದೆನೇ? ಇಲ್ಲ. ಮನೆಗೆ ಒಂದು ಸಂಬಳ, ಮೈಗೆ ಒಂದು ಸಮವಸ್ತ್ರ, ದೇಶಕ್ಕೆ ಏನೋ ಮಾಡುತ್ತೇವೆಂಬ ಹತ್ತೊಂಬತ್ತರ ವಯಸ್ಸಿನ ಹೆಮ್ಮೆ, ಎಲ್ಲವೂ ಬೆರೆತಿತ್ತು. ನಿನ್ನಲ್ಲೂ ಅಷ್ಟೇ. ಆ ಸಾಲಿಗಾಗಿ ಕ್ಷಮಿಸು.

ಪತ್ರದ ಉಳಿದ ಭಾಗವನ್ನು ಮಾತ್ರ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಯಾಕೆಂದು ಹೇಳುತ್ತೇನೆ, ಪೂರ್ತಿ ಕೇಳು.

1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ, ತಮಿಳು ಬಂಡುಕೋರರು ಆಯುಧ ಒಪ್ಪಿಸಬೇಕೆಂಬ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ನಮ್ಮ ಸೈನಿಕರು ಜಾಫ್ನಾದ ಪಲಾಲಿ ವಿಮಾನ ನಿಲ್ದಾಣದಲ್ಲಿ ಇಳಿದರು. ಅದೇ ದಿನ ಕೊಲಂಬೊದಲ್ಲಿ ಗೌರವ ರಕ್ಷೆಯ ಸಾಲಿನಲ್ಲಿದ್ದ ನೌಕಾದಳದವನೊಬ್ಬ ನಮ್ಮ ಪ್ರಧಾನಿಗೆ ಬಂದೂಕಿನ ಹಿಡಿಯಿಂದ ಹೊಡೆದ. ಒಪ್ಪಂದದ ಬಗ್ಗೆ ಆ ದೇಶದಲ್ಲಿ ಎಷ್ಟು ಕಹಿ ಇತ್ತೆಂಬುದು ಅಲ್ಲೇ ಕಾಣುತ್ತಿತ್ತು. ಇತ್ತ ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಮನಸ್ಸಿನಿಂದ ಒಪ್ಪಿರಲಿಲ್ಲ. ಅವರಿಗೆ ಕೆಲವೇ ವರ್ಷಗಳ ಹಿಂದೆ ಬಂದೂಕು ಹಿಡಿಯಲು ಕಲಿಸಿದ್ದು ನಮ್ಮದೇ ಸರ್ಕಾರದ ಬೇಹುಗಾರಿಕೆ ಸಂಸ್ಥೆ. ಯಾರಿಗೆ ತರಬೇತಿ ಕೊಟ್ಟೆವೋ ಅವರ ಆಯುಧ ಕಸಿಯಲು ನಿಮ್ಮನ್ನು ಕಳಿಸಿದರು. ನಿಮ್ಮ ಹೆಸರು ಶಾಂತಿಪಾಲನಾ ಪಡೆ. ನೀವು ಹೋಗಿ ಎರಡೂವರೆ ತಿಂಗಳಾಗುವ ಮೊದಲೇ, ಅಕ್ಟೋಬರ್ 10ರ ಹೊತ್ತಿಗೆ, ಅದು ನೇರ ಯುದ್ಧವೇ ಆಗಿತ್ತು.

ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ ಆ ಮೂವತ್ತು ಮಂದಿಯ ಕಥೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ವೈರ್‌ಲೆಸ್ ಮಾತು ಕದ್ದು ಕೇಳಿದ್ದ ಎದುರಾಳಿಗಳು ಮೊದಲೇ ಕಾದು ಕೂತಿದ್ದರು. ಹೆಲಿಕಾಪ್ಟರ್‌ಗಳು ಇನ್ನಷ್ಟು ಜನರನ್ನು ಇಳಿಸಲಾಗದೆ ಹೋದವು. ಮೂವತ್ತರಲ್ಲಿ ಇಪ್ಪತ್ತೊಂಬತ್ತು ಮಂದಿ ಸತ್ತರು, ಒಬ್ಬ ಸೆರೆ ಸಿಕ್ಕಿದ. ಅವರ ಧೈರ್ಯದಲ್ಲಿ ಏನು ಕೊರತೆಯಿತ್ತು? ಗುಂಡು ಮುಗಿಯುವವರೆಗೂ ಹೋರಾಡಿದರು. ಅವರನ್ನು ಆ ಮೈದಾನಕ್ಕೆ ಇಳಿಸಿದ ಯೋಜನೆಯನ್ನು, ಆ ದ್ವೀಪಕ್ಕೆ ಇಳಿಸಿದ ತೀರ್ಮಾನವನ್ನು ನಾನು ಪ್ರಶ್ನಿಸಿದರೆ ಅವರಿಗೆ ಅವಮಾನವಾಗುತ್ತದೆಯೇ? ನನ್ನ ಪತ್ರಕ್ಕೆ ಉತ್ತರವಾಗಿ ಮುಂದಿನ ವಾರ ಅದೇ ಪತ್ರಿಕೆಯಲ್ಲಿ ಒಬ್ಬರು ಬರೆದಿದ್ದರು, ಇಂಥ ಮಾತಿನಿಂದ ಯೋಧರ ಮನೋಬಲ ಕುಗ್ಗುತ್ತದೆಂದು. ಅಂದಿನಿಂದ ಇಂದಿನವರೆಗೆ ಎಲ್ಲ ಯುದ್ಧದಲ್ಲೂ ಅದೇ ಮಾತು ಕೇಳುತ್ತಿದ್ದೇನೆ. ಆ ರಾತ್ರಿ ಕುಗ್ಗಿದ್ದು ವಾಚಕರ ವಾಣಿಯ ಪತ್ರದಿಂದಲ್ಲ.

ಇನ್ನೊಂದು ವಿಷಯ ನಾನು ಬಹಳ ತಡವಾಗಿ ತಿಳಿದುಕೊಂಡೆ. ನಮ್ಮ ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ. 1950ರ ಸೇನಾ ಕಾಯ್ದೆಯ 21ನೇ ಕಲಮಿನ ಪ್ರಕಾರ ನೀನು ಸಂಘ ಕಟ್ಟುವುದಕ್ಕೆ, ಸಭೆ ಮೆರವಣಿಗೆ ಸೇರುವುದಕ್ಕೆ, ಪತ್ರಿಕೆಗೆ ಬರೆಯುವುದಕ್ಕೆ ಸರ್ಕಾರ ತಡೆ ಹಾಕಬಹುದು. ಅದನ್ನು ನಾನು ತಪ್ಪೆನ್ನುವುದಿಲ್ಲ. ಸೇನೆಯೇ ಯುದ್ಧವನ್ನು ಆರಿಸಿಕೊಳ್ಳುವ ದೇಶಗಳ ಪಾಡು ನಮ್ಮ ಅಕ್ಕಪಕ್ಕದಲ್ಲೇ ನೋಡಿದ್ದೇವೆ. ಆದರೆ ಇದರ ಅರ್ಥವೇನು, ನೋಡು. ಅಂದು ನನ್ನಂತೆ ವಾಚಕರ ವಾಣಿಗೆ ನಾಲ್ಕು ಸಾಲು ಬರೆಯುವ ಹಕ್ಕು ನಿನಗಿರಲಿಲ್ಲ. "ನಾವು ಇಲ್ಲಿಗೆ ಯಾಕೆ ಬಂದಿದ್ದೇವೆ?" ಎಂದು ನೀನು ಕೇಳುವಂತಿರಲಿಲ್ಲ. ಸಮವಸ್ತ್ರ ತೊಟ್ಟ ದಿನವೇ ಆ ಪ್ರಶ್ನೆಯನ್ನು ನೀನು ನನ್ನ ಕೈಗೆ ಕೊಟ್ಟು ಹೋಗಿದ್ದೆ, ಮನೆ ಬಿಡುವವನು ಪಕ್ಕದ ಮನೆಯಲ್ಲಿ ಬೀಗದ ಕೈ ಕೊಟ್ಟು ಹೋಗುವಂತೆ. ನಾನೂ ಕೇಳದೆ ಕೂತಿದ್ದರೆ ನಿನ್ನ ಪರವಾಗಿ ಕೇಳುವವರು ಯಾರಿದ್ದರು? ನಿನ್ನ ಪರವೋ ವಿರುದ್ಧವೋ ಎಂಬುದಕ್ಕೆ ನನ್ನ ಉತ್ತರ ಇದೇ.

ನನ್ನ ತಪ್ಪು ಏನೆಂದರೆ, ಕೇಳಬೇಕಾದ ಪ್ರಶ್ನೆಯನ್ನು ದೆಹಲಿಗೆ ಕೇಳದೆ ಅರ್ಧವನ್ನು ನಿನ್ನ ಮೇಲೆಯೇ ಎಸೆದೆ.

ಎಸೆದವನು ನಾನೊಬ್ಬನೇ ಅಲ್ಲ. 1989ರ ಜೂನಿನಲ್ಲಿ ಅಲ್ಲಿನ ಹೊಸ ಅಧ್ಯಕ್ಷ ಪ್ರೇಮದಾಸ ನಿಮ್ಮನ್ನು ಹೊರಡಿ ಎಂದರು. ಅದೇ ಕಾಲದಲ್ಲಿ ಅವರ ಸರ್ಕಾರ, ನಿಮ್ಮ ಮೇಲೆ ಗುಂಡು ಹಾರಿಸುತ್ತಿದ್ದವರಿಗೇ ಆಯುಧ ಕೊಟ್ಟಿತು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ತ್ರಿಂಕೋಮಲಿ ಬಂದರು ಬಿಟ್ಟು ಹಡಗಿನಲ್ಲಿ ಮದರಾಸಿನ ಕಡೆ ಹೊರಟಾಗ, ಅವರನ್ನು ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ತಮಿಳರನ್ನು ಕೊಂದ ಸೇನೆಯನ್ನು ಹೇಗೆ ಸ್ವಾಗತಿಸಲಿ ಎಂಬುದು ಅವರ ನಿಲುವು. ಆ ಸುದ್ದಿ ಓದಿದಾಗ, ಸತ್ಯವಾಗಿ ಹೇಳುತ್ತೇನೆ, ಸರಿಯಾಗಿಯೇ ಮಾಡಿದರು ಎಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ. ಸುಮಾರು 1,200 ಮಂದಿಯನ್ನು ಅಲ್ಲಿ ಕಳೆದುಕೊಂಡು, ಸುಮಾರು 3,000 ಗಾಯಾಳುಗಳನ್ನು ಹೊತ್ತು ಬಂದ ಸೇನೆ ಅದು. ಸಿಟ್ಟು ನ್ಯಾಯವಾದದ್ದೇ ಇದ್ದೀತು, ಆದರೆ ಅದು ಮುಟ್ಟಬೇಕಾದವರು ಯಾರೂ ಆ ಹಡಗಿನಲ್ಲಿ ಇರಲಿಲ್ಲ.

ಹಾಗೆಂದು ತಮಿಳರ ನೋವನ್ನು ನಾನು ಪಕ್ಕಕ್ಕೆ ಸರಿಸಲಾರೆ. ಇಲ್ಲಿ ನಿನಗೆ ಬೇಸರವಾಗಬಹುದು. 1987ರ ಅಕ್ಟೋಬರ್ 21ರಂದು ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಬಲಿಯಾದರು. ಆಸ್ಪತ್ರೆಯಿಂದ ನಮ್ಮ ಮೇಲೆ ಗುಂಡು ಬಂತೆಂದು ಸೇನೆ ಹೇಳಿತು. ಹೆಣಗಳ ನಡುವೆ ಸತ್ತಂತೆ ಮಲಗಿ ಬದುಕಿಕೊಂಡ ಸಿಬ್ಬಂದಿ ಹೇಳಿದ್ದು ಬೇರೆ. ಸೈನಿಕನ ಬೆನ್ನಿಗೆ ನಿಲ್ಲುತ್ತೇನೆಂದರೆ ಆ ದಿನವನ್ನು ಮುಚ್ಚಿಡುತ್ತೇನೆಂದಲ್ಲ. ನಿಮ್ಮ ಕಾಯ್ದೆಯೇ ಮೇಲಧಿಕಾರಿಯ "ಕಾನೂನುಬದ್ಧ" ಆದೇಶ ಪಾಲಿಸಬೇಕು ಎನ್ನುತ್ತದೆ, ಎಲ್ಲ ಆದೇಶವನ್ನೂ ಎನ್ನುವುದಿಲ್ಲ. ಬೇಡದ ಯುದ್ಧಕ್ಕೆ ಕಳಿಸಿದ ಮೇಲೆ ಇಂಥದ್ದು ನಡೆಯುವ ಅಪಾಯ ದಿನದಿನಕ್ಕೂ ಹೆಚ್ಚುತ್ತದೆ, ಅದೂ ಕಳಿಸಿದವರ ಲೆಕ್ಕಕ್ಕೆ ಸೇರಬೇಕು. ಆದರೆ ಗುಂಡು ಹಾರಿಸಿದವನು ಲೆಕ್ಕದಿಂದ ಪೂರ್ತಿ ಹೊರಗೆ ಉಳಿಯುವುದಿಲ್ಲ.

ಇದನ್ನು ನನಗೆ ಕಲಿಸಿದವನು ನೀನೇ. ಊರಿಗೆ ಬಂದ ಮೇಲೆ ಆ ಮೂರು ವರ್ಷಗಳ ಬಗ್ಗೆ ನೀನು ನನಗೆ ಹೇಳಿದ್ದು ಒಂದೇ ಒಂದು ಸಂಗತಿ. ಆಗಸ್ಟಿನಲ್ಲಿ ನೀವು ಹೊಸದಾಗಿ ಬಂದಾಗ, ಜನ ಹಾರ ಹಾಕುತ್ತಿದ್ದ ದಿನಗಳಲ್ಲಿ, ತಾಳೆಗರಿ ಬೇಲಿಯ ಒಂದು ಮನೆಯ ಹೆಂಗಸು ಬಾವಿಯಿಂದ ಸೇದಿ ನಿಮಗೆಲ್ಲ ನೀರು ಕೊಟ್ಟಿದ್ದಳು. ನವೆಂಬರಿನಲ್ಲಿ ಅದೇ ಮನೆಯನ್ನು ಶೋಧಿಸಲು ಹೋದೆ. ಅವಳು ನಿನ್ನ ಗುರುತು ಹಿಡಿದಳು. ಏನೂ ಅನ್ನಲಿಲ್ಲ. ಬಾಗಿಲಿನಿಂದ ಪಕ್ಕಕ್ಕೆ ಸರಿದು, ಬಾವಿಯ ಹಗ್ಗ ಹಿಡಿದು ನಿಂತುಕೊಂಡಳು. ನೀನು ಅಕ್ಕಿಯ ಡಬ್ಬದೊಳಕ್ಕೆ ಕೈ ಹಾಕಿ ಹುಡುಕಿದೆ. "ಕೈ ತೊಳೆದ ಮೇಲೂ ಬೆರಳ ಸಂದಿಯಲ್ಲಿ ನುಚ್ಚು ಇತ್ತು" ಎಂದಿದ್ದೆ. ಇಷ್ಟು ಹೇಳಿ ಎದ್ದು ಹೋದೆ. ಆ ಯುದ್ಧದ ಬಗ್ಗೆ ನಾನು ಎಷ್ಟೋ ಓದಿದ್ದೇನೆ, ಆದರೆ ಅದು ತಪ್ಪೆಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ನಿನ್ನ ಆ ಒಂದು ಮಾತಿನಿಂದ. ನಿನ್ನನ್ನು ಪ್ರೀತಿಸಿದ್ದರಿಂದಲೇ ಆ ಯುದ್ಧವನ್ನು ಇನ್ನಷ್ಟು ದ್ವೇಷಿಸಿದೆ.

ಇಂಗ್ಲೆಂಡಿನ ಸೀಗ್‌ಫ್ರೀಡ್ ಸಸೂನ್ ಎಂಬ ಕವಿಯ ಬಗ್ಗೆ ಒಮ್ಮೆ ಹೇಳಿದ್ದೆ, ನೆನಪಿದೆಯೇ? ಮೊದಲ ಮಹಾಯುದ್ಧದಲ್ಲಿ ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪಡೆದ ಅಧಿಕಾರಿ. 1917ರ ಜುಲೈನಲ್ಲಿ, ಈ ಯುದ್ಧವನ್ನು ನಿಲ್ಲಿಸಬಲ್ಲವರೇ ಬೇಕೆಂದು ಎಳೆಯುತ್ತಿದ್ದಾರೆ ಎಂದು ಬಹಿರಂಗ ಹೇಳಿಕೆ ಕೊಟ್ಟ. ಅದನ್ನು ಸಂಸತ್ತಿನಲ್ಲೂ ಓದಲಾಯಿತು. ಸೇನಾ ನ್ಯಾಯಾಲಯಕ್ಕೆ ಎಳೆಯುವ ಬದಲು ಮನಸ್ಸಿನ ಗಾಯವೆಂದು ಹೇಳಿ ಆಸ್ಪತ್ರೆಗೆ ಸೇರಿಸಿದರು. ಮರುವರ್ಷ ಅವನು ಮತ್ತೆ ಯುದ್ಧಕ್ಕೆ ಹೋದ, ಫ್ರಾನ್ಸಿನಲ್ಲಿ ತಲೆಗೆ ಗುಂಡು ತಗುಲಿಸಿಕೊಂಡ. ಯುದ್ಧದ ಬಗೆಗಿನ ಅಭಿಪ್ರಾಯ ಬದಲಾಗಿರಲಿಲ್ಲ. ತನ್ನ ಹುಡುಗರು ಅಲ್ಲಿದ್ದಾಗ ತಾನು ಇಲ್ಲಿ ಸುಖವಾಗಿರುವುದು ಅವನಿಂದ ಆಗಲಿಲ್ಲ, ಅಷ್ಟೇ. ಎರಡೂ ಒಟ್ಟಿಗೆ ಹೇಗಾಗುತ್ತದೆ ಎಂದು ನೀನು ಕೇಳಿದೆಯಲ್ಲ, ಕಂದಕದಲ್ಲಿ ನಿಂತವನೊಬ್ಬನ ಎದೆಯಲ್ಲೇ ಎರಡೂ ಇದ್ದವು. ಬಹುಶಃ ನಿನ್ನಲ್ಲೂ ಇದ್ದವು, ಹೇಳುವಂತಿರಲಿಲ್ಲ.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ನೀನು ಹೋಗಿಬಂದ ಫೋಟೊ ನನ್ನ ಮೊಬೈಲಿನಲ್ಲಿದೆ. ಅದು ಉದ್ಘಾಟನೆಯಾದದ್ದು 2019ರ ಫೆಬ್ರುವರಿಯಲ್ಲಿ. ನಿನ್ನ ಪಕ್ಕದ ಮಂಚದ ಹುಡುಗನ ಹೆಸರನ್ನು ಬೆರಳಿನಿಂದ ಮುಟ್ಟಿ ನಿಂತಿದ್ದೀಯ. ದೆಹಲಿಯ ಈ ಕಲ್ಲಿನ ಮೇಲೆ ಆ ಹೆಸರು ಮೂಡಲು ಅವನು ಸತ್ತು ಮೂವತ್ತು ವರ್ಷ ಕಾಯಬೇಕಾಯಿತು. ಅವನನ್ನು ಅಲ್ಲಿಗೆ ಕಳಿಸಿದವರಿಗೆ ಒಂದು ದಿನ ಸಾಕಾಗಿತ್ತು.

ನಿನ್ನ ಕಿವಿಯ ಕಡತವನ್ನು ನಿನ್ನೆ ಮತ್ತೆ ಓದಿದೆ. 1988ರಲ್ಲಿ ನೆಲಬಾಂಬ್ ಸಿಡಿದು ಹೋದ ಕಿವಿ ಅದು. ಅದರ ಬಗ್ಗೆ ಪಿಂಚಣಿ ಕಚೇರಿ ಬರೆದ ಉತ್ತರದಲ್ಲಿ ಒಂದು ಸಾಲಿದೆ: "ಸೇನಾ ಸೇವೆಯಿಂದ ಉಂಟಾದದ್ದಲ್ಲ, ಸೇವೆಯಿಂದ ಉಲ್ಬಣಗೊಂಡದ್ದೂ ಅಲ್ಲ." ನನ್ನ ಕೆಟ್ಟ ಸಾಲಿಗಿಂತ ಇದು ಕೆಟ್ಟದು, ಯಾಕೆಂದರೆ ಇದಕ್ಕೆ ಮೊಹರು ಇದೆ. ಸೈನಿಕರಿಗೆ ಜೈಕಾರ ಹಾಕುವ ಮಂದಿಯಲ್ಲಿ ಒಬ್ಬರಾದರೂ ಈ ಕಡತ ಹಿಡಿದು ನಿನ್ನ ಜೊತೆ ಮೆಟ್ಟಿಲು ಹತ್ತಿದ್ದಾರೆಯೇ? ನಾನೂ ಇಷ್ಟು ವರ್ಷ ಹತ್ತಿರಲಿಲ್ಲ. ಮುಂದಿನ ತಿಂಗಳ ವಿಚಾರಣೆಗೆ ನೀನೊಬ್ಬನೇ ಹೋಗಬೇಡ, ನಾನು ಬರುತ್ತೇನೆ. ವಕೀಲರು ಹೇಳುವುದನ್ನು ನಿನ್ನ ಬಲಗಿವಿಯ ಪಕ್ಕ ಕೂತು ಹೇಳುತ್ತೇನೆ. ಬಿಡುಗಡೆ ಪುಸ್ತಕ, ಆಸ್ಪತ್ರೆಯ ಹಳೆಯ ಚೀಟಿ, ಎಲ್ಲದರ ಎರಡೆರಡು ಪ್ರತಿ ತೆಗೆಸಿಡು.

ಆ ಪತ್ರಿಕೆಯ ತುಣುಕನ್ನೂ ಟ್ರಂಕಿನಿಂದ ತೆಗೆದಿಡು, ಎಸೆಯಬೇಡ. ಅಣ್ಣ ಗೆರೆ ಎಳೆದ ಆ ಒಂದು ಸಾಲನ್ನು ನಿನ್ನೆದುರಿಗೆ ನಾನೇ ಹೊಡೆದುಹಾಕುತ್ತೇನೆ. ಉಳಿದದ್ದನ್ನು ನಾವಿಬ್ಬರೂ ಕೂತು ಇನ್ನೊಮ್ಮೆ ಓದೋಣ. ಈ ಸಲ ನೀನೂ ಮಾತಾಡು.

ನಿನ್ನ,
ಸಾಲಿನಲ್ಲಿ ಹಿಂದೆ ನಿಂತಿದ್ದವನು