ಕನ್ನಡಿಗೆ ಟವೆಲ್ ಹೊದಿಸಿದ ಅಮ್ಮನಿಗೆ

ಮೂಗಿನ ನಡುಗೋಡೆ ಸೊಟ್ಟಗಿದೆ ಎಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವಳು ನಾನು. ಆಮೇಲೆ ಒಳಗೆ ರಕ್ತ ಹೆಪ್ಪುಗಟ್ಟಿ ಕೀವಾಯಿತು, ಮೃದ್ವಸ್ಥಿ ಕರಗಿಹೋಯಿತು. ಮೂಗಿನ ನಡುಭಾಗ ಕುದುರೆಯ ಜೀನಿನಂತೆ ತಗ್ಗಿತು. ಎರಡು ವರ್ಷ ಮುಖಕ್ಕೆ ಸೆರಗು ಹಿಡಿದೇ ದೇವರಾಜ ಮಾರುಕಟ್ಟೆಗೆ ಹೋಗಿಬರುತ್ತಿದ್ದೆ. ಕಳೆದ ತಿಂಗಳು ಮೈಸೂರಿನಲ್ಲೇ ಪಕ್ಕೆಲುಬಿನ ಮೃದ್ವಸ್ಥಿ ತೆಗೆದು ಮೂಗನ್ನು ಮತ್ತೆ ಕಟ್ಟಿದರು.

ಆ ರಾತ್ರಿಯನ್ನು ಮರೆಯಲಾರೆ. ಎರಡೂ ಹೊಳ್ಳೆಗಳಲ್ಲಿ ಬಟ್ಟೆ ತುರುಕಿದ್ದರು, ಬಾಯಲ್ಲೇ ಉಸಿರಾಡಬೇಕು. ಜೋರಾಗಿ ಉಸಿರೆಳೆದರೆ ಪಕ್ಕೆಯ ಹೊಲಿಗೆ ಚುಚ್ಚುತ್ತಿತ್ತು. ನಿದ್ದೆ ಹತ್ತಿದರೆ ಉಸಿರು ನಿಂತೇಹೋಗುತ್ತದೆ ಎಂಬ ಭಯದಲ್ಲಿ ಗಂಟೆ ಒತ್ತಿದೆ.

ಬಂದವರು ರಾತ್ರಿ ಪಾಳಿಯ ಆಯಾ, ನನ್ನ ತಾಯಿಯ ವಯಸ್ಸಿನವರು. ಮೊದಲು ನರ್ಸನ್ನು ಕರೆತಂದು ತೋರಿಸಿದರು. ಎಲ್ಲ ಸರಿಯಾಗಿದೆ ಎಂದು ನರ್ಸ್ ಹೋದ ಮೇಲೂ ಅವರು ಹೋಗಲಿಲ್ಲ. ಮಂಚದ ತಲೆಭಾಗ ಎತ್ತರಿಸಿದರು. ಒಣಗಿ ಬಿರಿದ ತುಟಿಗೆ ಒದ್ದೆ ಹತ್ತಿ ಒತ್ತಿದರು. ಕೆಮ್ಮು ಬಂದಾಗಲೆಲ್ಲ ಪಕ್ಕೆಗೆ ದಿಂಬು ಅದುಮಿ ಹಿಡಿದರು. "ನಾನು ಇಲ್ಲೇ ಇರುತ್ತೇನೆ ಮಗಳೇ, ನೀನು ಮಲಗು" ಎಂದರು. ಕಣ್ಣು ಬಿಟ್ಟಾಗಲೆಲ್ಲ ಸ್ಟೂಲಿನ ಮೇಲೆ ಕುಳಿತೇ ಇದ್ದರು.

ಬೆಳಗ್ಗೆ ಕೈ ತೊಳೆಯಲು ಎದ್ದಾಗ ತೊಟ್ಟಿಯ ಮೇಲಿನ ಕನ್ನಡಿಗೆ ಹಳದಿ ಅಂಚಿನ ಟವೆಲ್ ಹೊದಿಸಿತ್ತು. ಊದಿದ ಮುಖವನ್ನು ನಾನು ನೋಡಿ ಕುಗ್ಗಬಾರದೆಂದು ಪಾಳಿ ಮುಗಿಸುವ ಮುಂಚೆ ಅವರೇ ಇಳಿಬಿಟ್ಟು ಹೋಗಿದ್ದರಂತೆ. ಹೇಳಿಕೊಡದೆ ಬರುವ ಅಂತಃಕರಣವದು.

ಹೆಸರು ಕೇಳುವ ಎಚ್ಚರ ನನಗಿರಲಿಲ್ಲ. ಟವೆಲ್ ನನ್ನ ಬಟ್ಟೆಗಳ ಜೊತೆ ಮನೆಗೆ ಬಂದುಬಿಟ್ಟಿದೆ. ಒಗೆದು ಮಡಿಸಿಟ್ಟಿದ್ದೇನೆ ಅಮ್ಮ. ಮುಂದಿನ ತಪಾಸಣೆಗೆ ಬಂದ ದಿನ, ನಿಮ್ಮ ಪಾಳಿ ಶುರುವಾಗುವವರೆಗೂ ಕಾಯುತ್ತೇನೆ.